ಸೂಜಿಮೆತ್ತೆಗೆ ಸನ್ಮಾನ

ನಮ್ಮ ಊರಿನಲ್ಲಿ ಯಾರಾದರೂ ಸುಡುಬಿಸಿಲಿನಲ್ಲಿ ತೊಯ್ದ ಕೊಡೆ ಬಿಚ್ಚಿಕೊಂಡು ಬೀದಿಯ ನಡುವೆ ಬರುತ್ತಿದ್ದರೆ ಕಟ್ಟೆಯ ಮೇಲೆ ಕುಳಿತವರು ಎದ್ದು ನಿಲ್ಲಬೇಕು. ಅವರ ಮನೆಯಲ್ಲಿ ಅಂದು ಮಳೆ ಎಂದು ಅರ್ಥ. ಮಳೆ ನಮ್ಮಲ್ಲಿ ಸರದಿಯ ಮೇಲೆ ಬರುತ್ತದೆ. ಊರಿನದೊಂದು ತಾಮ್ರದ ಕೊಡ ಇದೆ. ಅದನ್ನು ಯಾರ ಅಂಗಳದಲ್ಲಿ ಇಡುತ್ತಾರೋ ಅವರ ಕಂಪೌಂಡಿನೊಳಗೆ ಮಳೆ ಬೀಳುತ್ತದೆ, ಗೋಡೆಯಾಚೆ ಒಂದು ಹನಿಯೂ ಇಲ್ಲ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಕೈ ಚಾಚಿದರೆ ಮೊಣಕೈವರೆಗೆ ತೊಯ್ಯುತ್ತದೆ. ಆದರೆ ಹಾಗೆ ಚಾಚುವುದು ಮರ್ಯಾದಸ್ಥರ ಲಕ್ಷಣವಲ್ಲ. ಒಂದು ಮನೆಯ ಪಾಲು ಮುಗಿದ ಮೇಲೆ ಕೊಡ ಮುಂದಿನ ಮನೆಗೆ ಹೋಗುತ್ತದೆ. ಮೋಡಗಳಿಗೆ ಇದೆಲ್ಲ ಹೇಗೆ ತಿಳಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೊಡ ಈಗ ಯಾರ ಮನೆಯಲ್ಲಿದೆ ಎಂದು ಮಾತ್ರ ಕೇಳುತ್ತಾರೆ.

ನಾನು ಬಜಾರದ ಪ್ರೆಸ್ಸಿನಲ್ಲಿ ಮಳೆಯ ಆಮಂತ್ರಣ ಪತ್ರಿಕೆಗಳಿಗೆ ಅಚ್ಚಿನ ಮೊಳೆ ಜೋಡಿಸುವವನು. ‘ವರುಣದೇವನ ಕೃಪೆಯಿಂದ ನಮ್ಮ ಸ್ವಗೃಹದಲ್ಲಿ ಮಳೆ ಬೀಳಲಿರುವುದರಿಂದ ತಾವು ಸಕುಟುಂಬ ಸಪರಿವಾರ ಆಗಮಿಸಿ’ ಎಂಬ ಸಾಲನ್ನು ಕಣ್ಣು ಮುಚ್ಚಿಕೊಂಡು ಜೋಡಿಸಬಲ್ಲೆ. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಜಾತಕ ಆಮೇಲೆ ಕೇಳುತ್ತಾರೆ, ಸರದಿಯಲ್ಲಿ ನಿಮ್ಮ ಮನೆ ಎಷ್ಟನೆಯದು ಎಂದು ಮೊದಲು ಕೇಳುತ್ತಾರೆ. ಮೊದಲನೆಯ ಮನೆ ಸಾವಕಾರ ಅಡಿವೆಪ್ಪನವರದು. ಸರದಿ ಮಂಡಳಿಗೆ ಅವರೇ ಅಧ್ಯಕ್ಷರು. ಅವರ ಮುತ್ತಜ್ಜ ಆ ಕೊಡವನ್ನು ಹೊಳೆಯಲ್ಲಿ ಕಂಡು ಎತ್ತಿ ತಂದನಂತೆ. ಕಂಡು ತಂದದ್ದಲ್ಲ, ಕದ್ದು ತಂದದ್ದು ಎಂದು ಹೇಳಿದವರೂ ಇದ್ದರು. ಅವರ ಮನೆಗಳೆಲ್ಲ ಸರದಿಯ ಕೊನೆಯಲ್ಲಿವೆ.

ಎಲ್ಲಕ್ಕಿಂತ ಕೊನೆಯದು ನಾನು ಮಾಳಿಗೆಯ ಮೇಲೆ ಬಾಡಿಗೆಗಿರುವ ಸುಗಲಕ್ಕನ ಮನೆ. ಆಕೆಯ ಮಾವ ಅಂಥ ಮಾತನ್ನು ಗಟ್ಟಿಯಾಗಿಯೇ ಹೇಳಿದ್ದನಂತೆ. ಮಾವನೂ ಹೋದ, ಗಂಡನೂ ಹೋದ, ಮಾತು ಮಾತ್ರ ಉಳಿದುಕೊಂಡಿತು. ಕೊಡ ಈ ಮನೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಬಂದ ಕೊಡವನ್ನು ಒರೆಸಿ ಮಂಡಳಿಯ ಅಟ್ಟಕ್ಕೆ ಕಳಿಸುವುದಷ್ಟೇ ಸುಗಲಕ್ಕನ ಪಾಲಿನ ಮಳೆ. ಆಕೆ ಹೊಲಿಗೆಯವಳು. ಎಡಗೈ ಮಣಿಕಟ್ಟಿಗೆ ಕಟ್ಟಿಕೊಂಡ ಸೂಜಿಮೆತ್ತೆಯನ್ನು ಊಟದ ಹೊತ್ತಿನಲ್ಲೂ ಬಿಚ್ಚುವುದಿಲ್ಲ. ಬಳೆ ಹಾಕಿಕೊಳ್ಳುವ ಜಾಗಕ್ಕೆ ಏನಾದರೂ ಇರಲಿ ಎಂದು ಕಟ್ಟಿಕೊಂಡಿದ್ದೇನೆ ಎಂದು ಒಮ್ಮೆ ನನ್ನೆದುರು ನಕ್ಕಿದ್ದಳು.

ಬಾವಿಯ ನೀರು ಊರಿಗೆ ಕುಡಿಯಲಿಕ್ಕೆ ಸಾಕು, ಗಿಡಕ್ಕೆ ಸಾಲದು. ಹೀಗಾಗಿ ಸರದಿ ಬಾರದವರು ತಮ್ಮ ಗಿಡದ ಕುಂಡಗಳನ್ನು ಎತ್ತಿಕೊಂಡು ಮಳೆಯ ಮನೆಗೆ ಹೋಗಿ ಸೂರಿನ ಕೆಳಗೆ ಸಾಲಾಗಿ ಇಡಬೇಕು. ಇದಕ್ಕೆ ಸೂರಿನ ಸಾಲು ಎನ್ನುತ್ತಾರೆ. ಮೊದಲ ಕುಂಡದವರಿಗೆ ಧಾರೆ, ನಡುವಿನವರಿಗೆ ಹನಿ, ಕೊನೆಯವರಿಗೆ ತಂಪುಗಾಳಿ. ಕೊನೆಯ ಕುಂಡ ಯಾವಾಗಲೂ ಸುಗಲಕ್ಕನದು. ಅವಳು ತುಳಸಿಯನ್ನೂ ದಾಸವಾಳವನ್ನೂ ಎರಡು ಕಂಕುಳಲ್ಲಿ ಅವಚಿಕೊಂಡು ಅಡಿವೆಪ್ಪನವರ ಅಂಗಳಕ್ಕೆ ಕಾಲಿಟ್ಟ ಕೂಡಲೇ ಸಾವಕಾರರ ಹೆಂಡತಿ ಮಹಾನಂದಾ ಪಡಸಾಲೆಯಿಂದ ಕರೆಯುತ್ತಿದ್ದಳು.

“ಸುಗಲಾ, ಬಂದಿ ಏನು? ಹೆಂಗೂ ಸುಮ್ಮನ ಕುಂತಿರ್ತಿ, ಈ ಜಂಪರಿಗಿ ಹುಕ್ಕ ಹಚ್ಚಿಬಿಡು. ಸೂಜಿ ನಿನ್ನ ಕೈಯಾಗ ಐತಿ.”

“ದಾರ ಕೊಡ್ರಿ ಅಕ್ಕಾರ.”

“ದಾರಾನೂ ನಾವ ಕೊಡಬೇಕು, ನೀರೂ ನಾವ ಕೊಡಬೇಕು. ಭಾಳ ಶಾಣ್ಯಾ ಇದ್ದಿ ಬಿಡವಾ.”

ಹೀಗೆ ಜಂಪರು, ಸೀರೆಯ ಫಾಲು, ದಿಂಬಿನ ಚೀಲ. ಮಳೆ ನಿಂತರೂ ಹೊಲಿಗೆ ನಿಲ್ಲುತ್ತಿರಲಿಲ್ಲ. ಕಡೆಗೆ ಒಂದು ವರ್ಷ ಆಕೆಯ ತುಳಸಿ ಒಣಗಿತು, ಹಿಂದೆಯೇ ದಾಸವಾಳ ಸೂರಿನ ಸಾಲಿನಲ್ಲೇ, ಮೊಗ್ಗು ಹೊತ್ತುಕೊಂಡೇ ಒಣಗಿತು. ಮುಂದಿನ ಕುಂಡದವರು ಒಂದು ಗೇಣು ಸರಿದಿದ್ದರೆ ಬದುಕುತ್ತಿತ್ತು. ಸರಿಯಿರಿ ಎಂದು ಹೇಳೋಣವೆಂದರೆ ಆಕೆಯ ಬಾಯಲ್ಲಿ ಮಹಾನಂದಾಳ ಜಂಪರಿನ ಹುಕ್ಕುಗಳಿದ್ದವು. ಸುಗಲಕ್ಕ ಮನೆಗೆ ಬಂದು ಕುಂಡಗಳನ್ನು ಬೋರಲು ಹಾಕಿ, “ಇನ್ನ ಒಬ್ಬರ ಸೂರಿನ ಕೆಳಗ ನಿಂದರೂದು ಸಾಕಾತಪಾ ತಮ್ಮಾ,” ಎಂದಳು. ನಾನು ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದೆ. ಊರಿನಲ್ಲಿ ಗಿಡವಿಲ್ಲದೆ ಬದುಕುವುದು ಸಾಧ್ಯವಿಲ್ಲ, ಗಿಡವಿಲ್ಲದ ಅಂಗಳಕ್ಕೆ ಗಿರಾಕಿ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಚಳಿಗಾಲದಲ್ಲಿ ಗುಂಡಿ, ದಾರ ಮಾರುವ ಕಾಸಿಮಸಾಬ ಸೈಕಲ್ಲಿನ ಮೇಲೆ ಬಂದ. ಸರದಿಯ ಮಳೆಯೂ ಇಲ್ಲದ, ಬೇರೆ ಮಳೆಯೂ ಇಲ್ಲದ ಯಾವುದೋ ಸೀಮೆಯನ್ನು ದಾಟಿ ಬಂದಿದ್ದ. ಹಳೆಯ ಬಿಸ್ಕಿಟ್ ಡಬ್ಬಿಯಲ್ಲಿ ಮರಳು ತುಂಬಿ, ಅದರಲ್ಲಿ ದಪ್ಪ ಎಲೆಯ ಒಂದು ಸಸಿ ತಂದಿದ್ದ.

“ಇದಕ್ಕ ಏನಂತಾರ ಸಾಬರ?”

“ಅಲ್ಲಿ ಏನೋ ಅಂತಾರ, ನನ್ನ ನಾಲಗಿಗಿ ಹೊಳ್ಳೂದಿಲ್ಲ. ಹೂ ಬಿಟ್ಟರ ನಿನ್ನ ಕೈಯಾಗಿನ ಸೂಜಿಮೆತ್ತಿ ಇದ್ದಂಗ ಇರ್ತತಿ, ಅದಕ್ಕ ನಿನ್ನ ನೆನಪಾತು. ಬೇರ ಹಿಡಿಯೂತನಕ ಒಂದೀಟು ನೀರ ಹಾಕು. ಆಮ್ಯಾಲ ಮರತಬಿಡು.”

“ಗೊಬ್ಬರ?”

“ಗೊಬ್ಬರ ಹಾಕಿದರ ಸಾಯ್ತತಿ. ಕಾಲ ತೊಯ್ದ ನಿಂತರೂ ಸಾಯ್ತತಿ. ಅದೂ ಹೇಳಿಕೇಳಿ ಸಾಯೂದಿಲ್ಲ. ನಿನ್ನೆ ಹಸಿರ, ಇವತ್ತ ಖಲಾಸ. ಬಿಸಿಲು, ಗರಸು, ಗಾಳಿ ಇಷ್ಟ ಸಾಕು. ಉಪಚಾರ ತಡಕೊಳ್ಳಾಂಗಿಲ್ಲ ಅದು.”

ಮನೆ ರಿಪೇರಿ ಮಾಡಿಸಿದಾಗ ಉಳಿದ, ಕಲ್ಲುಹರಳಿನ ಗರಸು ಮಣ್ಣಿನ ಗುಡ್ಡೆ ಕಂಪೌಂಡಿನ ಮೂಲೆಯಲ್ಲಿ ಬಿದ್ದಿತ್ತು. ಅದರ ನೆತ್ತಿಯ ಮೇಲೆ ಸುಗಲಕ್ಕ ಸಸಿಯನ್ನು ನೆಟ್ಟಳು. ನೆಡುವುದು ಸುಲಭವಾಯಿತು, ಬಿಡುವುದು ಕಷ್ಟವಾಯಿತು. ನಮ್ಮ ಊರಿನವರ ಕೈ ಗಿಡ ಕಂಡರೆ ಸುಮ್ಮನಿರುವ ಕೈಯಲ್ಲ. ಅಕ್ಕಿ ತೊಳೆದ ನೀರಿನ ಪಾತ್ರೆ ಹಿಡಿದು ಆಕೆ ಗುಡ್ಡೆಯವರೆಗೆ ಹೋಗಿ, ನಿಂತು, ಹಿಂದಿರುಗಿ ಬಂದು ಅದನ್ನು ಹಾದಿಯ ಎಮ್ಮೆಗೆ ಕುಡಿಸುತ್ತಿದ್ದಳು. ಕಿಟಕಿಗೆ ಬೆನ್ನು ಮಾಡಿ ಹೊಲಿಗೆ ಯಂತ್ರವನ್ನು ತಿರುಗಿಸಿಟ್ಟುಕೊಂಡಳು. ಗಿಡ ತನ್ನ ಪಾಡಿಗೆ ತಾನು ಬೆಳೆಯಿತು. ಮೊದಲು ಮೊಣಕಾಲಿನವರೆಗೆ, ಆಮೇಲೆ ಸೊಂಟದವರೆಗೆ.

ಎರಡು ಮಳೆಗಾಲ ಆಕೆ ಸೂರಿನ ಸಾಲಿಗೆ ಹೋಗಲಿಲ್ಲ. ಮೊಣಕಾಲು ನೋವಿರಬೇಕು ಎಂದು ಜನ ಅಂದುಕೊಂಡರು. ಮೂರನೆಯ ವರ್ಷ ಚಳಿ ಇಳಿಯುವ ಹೊತ್ತಿಗೆ ಗಿಡದ ತುದಿತುದಿಗೆ ಗುಂಡನೆಯ ಮೊಗ್ಗು ಕಟ್ಟಿ, ಒಂದೊಂದರಿಂದಲೂ ಕಿತ್ತಳೆ ಬಣ್ಣದ ಎಳೆಗಳು ಸುತ್ತಲೂ ಎದ್ದು ನಿಂತವು. ಪ್ರತಿ ಎಳೆಯ ತುದಿಗೂ ಗುಂಡುಸೂಜಿಯ ತಲೆಯಷ್ಟು ಹಳದಿ. ಮೆತ್ತೆಗೆ ಸೂಜಿ ಚುಚ್ಚಿಟ್ಟವರು ಯಾರೋ ಮರೆತು ಹೋದಂತೆ ಕಾಣುತ್ತಿತ್ತು. ಸುಗಲಕ್ಕ ತನ್ನ ಮಣಿಕಟ್ಟನ್ನು ಹೂವಿನ ಪಕ್ಕಕ್ಕೆ ಹಿಡಿದು ನೋಡಿದಳು. “ನಂದರಾಗ ಸೂಜಿ ಕಡಿಮಿ ಅದಾವ,” ಎಂದಳು. ಹೂವಿನ ಜೇನಿಗೆ ಸಣ್ಣ ಹಕ್ಕಿಗಳು ಬಂದವು. ಹಕ್ಕಿಗಳ ಹಿಂದೆ ಜನ ಬಂದರು.

ಬಂದವರು ಹೂವನ್ನು ಹೊಗಳಿ, ಹೋಗುವಾಗ ಒಂದೇ ಪ್ರಶ್ನೆ ಕೇಳಿದರು: ನೀರು ಯಾರ ಮನೆಯದು? ಯಾರ ಮನೆಯದೂ ಅಲ್ಲ ಎಂಬ ಉತ್ತರ ಕೇಳಿ ಅವರ ಮುಖ ಕಪ್ಪಿಟ್ಟಿತು. ಅಲ್ಲಿಯವರೆಗೆ ಯಾರಿಗೂ ತೋಚದ ಸಂಗತಿಗಳು ಈಗ ತೋಚತೊಡಗಿದವು. ಮಹಾನಂದಾಳ ಜಂಪರುಗಳು ಎರಡು ವರ್ಷದಿಂದ ಪಿನ್ನಿನ ಮೇಲೆ ನಿಂತಿದ್ದವು. ಸೂರಿನ ಸಾಲಿನಲ್ಲಿ ಕೊನೆಗಿದ್ದ ಸುಗಲಕ್ಕ ಬರುವುದನ್ನು ಬಿಟ್ಟದ್ದರಿಂದ ಆಕೆಯ ಮುಂದಿದ್ದ ಕಂಬಾರರ ಮನೆಯವರು ಕೊನೆಯವರಾಗಿದ್ದರು. ಅವರು ಮಂಡಳಿಗೆ ಬಂದು, “ನಾವು ಕೊನಿಯವರ ಮುಂದಿನವರ ಹೊರತು ಕೊನಿಯವರಲ್ಲ. ಇದು ನಮ್ಮ ಅಜ್ಜಂದಿರ ಕಾಲದಿಂದ ಬಂದದ್ದು,” ಎಂದು ವಾದಿಸಿದರು. ಕೊನೆಯವರು ಒಬ್ಬರಿದ್ದರೆ ಮಾತ್ರ ಸಾಲಿಗೊಂದು ಸಾಲುತನ ಎಂದು ಮಂಡಳಿಯೂ ಒಪ್ಪಿತು.

ಅಡಿವೆಪ್ಪನವರು ಸ್ವತಃ ಬಂದರು. ಗಿಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹೂವಿನ ಎಳೆಯೊಂದನ್ನು ಬೆರಳಿನಿಂದ ಬಾಗಿಸಿ ಬಿಟ್ಟರು. ಅದು ಟಣ್ಣನೆ ಹಿಂದಕ್ಕೆ ಜಿಗಿದು ನಿಂತಿತು.

“ನೀರಿಲ್ಲದ ಬೆಳದೈತೇನಬೇ?”

“ಹೌದರಿ ಸಾವಕಾರ್ರ.”

“ಛೆ ಛೆ. ನಾವೆಲ್ಲಾ ಇದ್ದೂ ನಿನ್ನ ಗಿಡಕ್ಕ ನೀರಿಲ್ಲ ಅಂದರ, ಹೊರಗಿನವರು ನಮಗ ಏನಂದಾರು? ಈ ಸಲ ನನ್ನ ಸರದಿ ನಿನಗ ಕೊಟ್ಟೆ. ಮೊದಲನೇ ಮಳಿ, ಪೂರಾ ಪಾಲು. ಕೊಡ ನಿನ್ನ ಅಂಗಳದಾಗ. ಊರ ಮುಂದ ಈ ಗಿಡಕ್ಕ ಸನ್ಮಾನ.”

“ಅದಕ್ಕ ನೀರ ಆಗಿಬರೂದಿಲ್ಲರಿ. ಸಾಯ್ತತಿ.”

“ಮಳಿ ಬಿದ್ದು ಗಿಡ ಸತ್ತದ್ದು ನಾ ಅಂತೂ ಕೇಳಿಲ್ಲ,” ಎಂದು ಅಡಿವೆಪ್ಪನವರು ನಕ್ಕರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿತ್ತೋ ಒಳ್ಳೆಯದಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ನಮ್ಮಲ್ಲಿ ಸನ್ಮಾನ ಮಾಡಲು ಎರಡರಲ್ಲಿ ಯಾವುದಿದ್ದರೂ ನಡೆಯುತ್ತದೆ.

ಮೊದಲ ಮಳೆಯೆಂದರೆ ಎಲ್ಲಕ್ಕಿಂತ ಜೋರಿನದು. ಸಾವಕಾರರ ಪಾಲು ಮುಗಿಯಲು ಒಂದು ವಾರವೇ ಬೇಕು. ಅಷ್ಟು ದಿನ ಕಾಲು ತೊಯ್ಸಿಕೊಂಡು ನಿಂತರೆ ಗಿಡ ಸಾಯುತ್ತದೆ. ಗಿಡ ಸತ್ತರೆ ಸುಗಲಕ್ಕ ಮತ್ತೆ ಕುಂಡ ಎತ್ತಿಕೊಂಡು ಸಾಲಿನ ಕೊನೆಗೆ ಹೋಗಬೇಕು, ಬಾಯಲ್ಲಿ ಹುಕ್ಕು ಕಚ್ಚಿಕೊಳ್ಳಬೇಕು. ಕೊಡ ಬೇಡ ಎನ್ನುವಂತೆಯೂ ಇಲ್ಲ. ಕೊಡ ತಿರುಗಿಸಿ ಕಳಿಸಿದ ಮನೆಗೆ ಊರಿನವರು ಎಲೆಗೆ ಹಚ್ಚುವ ಸುಣ್ಣವನ್ನೂ ಕೊಡುವುದಿಲ್ಲ. ಹೊಲಿಗೆಗೆ ಬಟ್ಟೆ ಕೊಡುವ ಮಾತೆಲ್ಲಿ? ಮಳೆಗಾಲ ಹತ್ತಿರವಾದಾಗ ಪ್ರೆಸ್ಸಿಗೆ ಆಮಂತ್ರಣದ ಬರಹ ಬಂತು. ‘ಸೂಜಿಮೆತ್ತೆ ಗಿಡಕ್ಕೆ ಸಾರ್ವಜನಿಕ ಮಳೆ ಸನ್ಮಾನ’ ಎಂದು ದಪ್ಪ ಮೊಳೆಯಲ್ಲಿ ಜೋಡಿಸಿದೆ. ಒಂದು ಪ್ರತಿಯನ್ನು ಸುಗಲಕ್ಕನಿಗೆ ತಂದುಕೊಟ್ಟೆ. ಆಕೆ ಅದನ್ನು ಓದಿ, ಮಡಚಿ, ಬಟ್ಟೆ ಅಳೆಯುವಂತೆ ಬೆರಳಿನಿಂದ ಒಂದು ಸಲ ಅಳೆದು, “ಎಷ್ಟ ಮಂದಿ ಬರ್ತಾರ ತಮ್ಮಾ?” ಎಂದು ಕೇಳಿದಳು.

“ಊರೆಲ್ಲಾ.”

“ಎಲ್ಲಿ ಕೂಡ್ರತಾರ?”

ನನಗೂ ಅದು ಹೊಳೆದಿರಲಿಲ್ಲ. ದೊಡ್ಡವರ ಮನೆಗಳಿಗೆ ಪಡಸಾಲೆ ಇರುತ್ತದೆ, ಅತಿಥಿಗಳು ಅಲ್ಲಿ ಕುಳಿತು ಮಳೆ ನೋಡುತ್ತಾ ಚುರುಮುರಿ ತಿನ್ನುತ್ತಾರೆ. ಸುಗಲಕ್ಕನದು ಕೆಳಗೊಂದು ಕೋಣೆ, ಮೇಲೊಂದು ಕೋಣೆ. ಉಳಿದದ್ದೆಲ್ಲ ಅಂಗಳ.

ಮರುದಿನ ಬೆಳಿಗ್ಗೆ ಆಕೆ ಮಹಾನಂದಾಳ ಮನೆಗೆ ಹೋದಳು. ಎರಡು ವರ್ಷದ ಮೇಲೆ ಬಂದವಳನ್ನು ಕಂಡು ಮಹಾನಂದಾ ಜಂಪರುಗಳ ಗಂಟನ್ನೇ ಮುಂದಿಟ್ಟಳಂತೆ. ಸುಗಲಕ್ಕ ಅದನ್ನು ಮುಟ್ಟದೆ, “ಅಕ್ಕಾರ, ಸನ್ಮಾನಕ್ಕ ನೀವು ಯಾವ ಸೀರಿ ಉಡ್ತೀರಿ?” ಎಂದು ಕೇಳಿದಳು.

“ದಡಿ ಸೀರಿ, ಹೊಸಾದು. ಯಾಕ?”

“ಏನಿಲ್ಲರಿ. ನಮ್ಮಲ್ಲಿ ಪಡಸಾಲಿ ಇಲ್ಲ. ಸಾವಕಾರ್ರು, ಮಂಡಳಿಯವರು, ನೀವು ಎಲ್ಲಾರೂ ಬಯಲಾಗ ಕೂಡ್ರಬೇಕಾಗ್ತತಿ. ಆ ಸೀರಿ ಬಣ್ಣ ಬಿಟ್ಟೀತೇನೋ ಅಂತ ನನಗ ಚಿಂತಿ.”

ಮಹಾನಂದಾ ಸ್ವಲ್ಪ ಹೊತ್ತು ತನ್ನ ಸೀರೆಯ ಬಣ್ಣ ಮಂಡಳಿಯವರ ಬಿಳಿ ಅಂಗಿಗಳ ಮೇಲೆ ಹರಿಯುವುದನ್ನು ಕಲ್ಪಿಸಿಕೊಂಡಿರಬೇಕು. ಒಳಗೆ ಹೋಗಿ ಗಂಡನೊಡನೆ ಮಾತಾಡಿದಳು. ಆ ಮಧ್ಯಾಹ್ನವೇ ಸಾವಕಾರರ ಗೋದಾಮಿನಿಂದ ಲಾರಿಗೆ ಹೊದಿಸುವ ತಾಡಪಾಲುಗಳು ಕೈಗಾಡಿಯ ಮೇಲೆ ನಮ್ಮ ಅಂಗಳಕ್ಕೆ ಬಂದವು. “ಒಂದೂ ಖುರ್ಚಿ ತೊಯ್ಯಬಾರದು ಅಂತ ಹೇಳ್ಯಾರ,” ಎಂದ ತಂದವನು.

“ತೊಯ್ಯಾಂಗಿಲ್ಲ ಅಂತ ಹೇಳು,” ಎಂದಳು ಸುಗಲಕ್ಕ.

ತಾಡಪಾಲುಗಳನ್ನು ಒಂದಕ್ಕೊಂದು ಜೋಡಿಸಿ ಆಕೆ ಹೊಲಿಯತೊಡಗಿದಳು. ಯಂತ್ರಕ್ಕೆ ಅದು ಬಗ್ಗಲಿಲ್ಲ, ಗೋಣಿಚೀಲ ಹೊಲಿಯುವ ದಬ್ಬಣ ತರಿಸಿಕೊಂಡಳು. ಹೊಲಿಗೆಯ ಸಾಲಿನ ಮೇಲೆ ಮೇಣ ತಿಕ್ಕಿದಳು. ಕಂಪೌಂಡಿನ ಒಳಗಿನ ಅಂಗಳ ಗೋಡೆಯಿಂದ ಗೋಡೆಗೆ ಮುಚ್ಚುವಂತೆ, ಹಿಂದೆ ಎತ್ತರ, ಮುಂದೆ ತಗ್ಗು. ನೀರೆಲ್ಲ ಬೀದಿಯ ಗಟಾರಕ್ಕೆ ಜಾರಬೇಕು. ನಾನು ಬಿದಿರಿನ ಗಳಗಳನ್ನು ಹಿಡಿದುಕೊಂಡೆ. ಎಲ್ಲ ಮುಗಿದ ಮೇಲೆ ಮಂಡಳಿಯ ಕಾರ್ಯದರ್ಶಿ ಪರೀಕ್ಷೆಗೆ ಬಂದು ತಲೆಯೆತ್ತಿ ನೋಡಿದ. ಅವನಿಗೆ ಒಂದು ಸಂಶಯ ಬಂತು.

“ಕೊಡ ತುಂಬಬೇಕಲ್ಲಬೇ? ಕೊಡ ತುಂಬಲಿಲ್ಲ ಅಂದರ ಮಳಿ ಬಂದಂಗ ಅಲ್ಲ. ಅದು ಶಾಸ್ತ್ರ.”

“ಕೊಡ ಎಲ್ಲಿ ಇಡ್ತೀರಿ ಹೇಳ್ರಿ.”

ಅವನು ಅಂಗಳದ ಮುಂಭಾಗದಲ್ಲಿ ಗಟಾರದ ಹತ್ತಿರ ಒಂದು ಕಲ್ಲನ್ನು ತೋರಿಸಿದ. ಸುಗಲಕ್ಕ ಏಣಿ ಹತ್ತಿ, ಆ ಕಲ್ಲಿನ ನೇರಕ್ಕೆ ತಾಡಪಾಲಿನಲ್ಲಿ ಕತ್ತರಿಯ ತುದಿ ಆಡಿಸಿ, ಸುತ್ತಲೂ ದಾರ ಬಿಗಿದು ಒಂದು ಕಾಜ ಹೊಲಿದಳು. ಅಂಗಿಯ ಗುಂಡಿ ತೂರುವ ಕಾಜ ಹೇಗಿರುತ್ತದೋ ಹಾಗೆಯೇ, ಅಷ್ಟೇ ಅಚ್ಚುಕಟ್ಟು. ಕಾರ್ಯದರ್ಶಿ ಕಣ್ಣು ಕಿರಿದು ಮಾಡಿ ಅದರೊಳಗಿಂದ ಆಕಾಶವನ್ನು ನೋಡಿ, ಶಾಸ್ತ್ರಕ್ಕೆ ಇಷ್ಟು ಸಾಕು ಎಂದು ಒಪ್ಪಿಕೊಂಡ.

ಸನ್ಮಾನದ ದಿನ ಬಾಜಾ ಬಜಂತ್ರಿಯೊಂದಿಗೆ ಕೊಡ ಬಂತು. ಅದನ್ನು ಕಲ್ಲಿನ ಮೇಲೆ ಇಟ್ಟದ್ದೇ ತಡ, ನಮ್ಮ ಮನೆಯ ನೆತ್ತಿಯ ಮೇಲೆ ಮಾತ್ರ ಕಪ್ಪುಗಟ್ಟಿ ಮಳೆ ಹೊಡೆಯಿತು. ನನ್ನ ಕೋಣೆಯ ಹಂಚಿನ ಮೇಲೆ ಮೊದಲ ಬಾರಿ ಮಳೆಯ ಸದ್ದು ಕೇಳಿ ನನಗೆ ಯಾರೋ ಮೇಲೆ ಜಗಳವಾಡುತ್ತಿದ್ದಾರೆ ಅನ್ನಿಸಿತು. ಅತಿಥಿಗಳು ತಾಡಪಾಲಿನ ಕೆಳಗೆ ಸರದಿಯ ಕ್ರಮದಲ್ಲೇ ಕುಳಿತರು. ಕಂಬಾರರ ಮನೆಯವರು ಕೊನೆಯ ಖುರ್ಚಿಯನ್ನು ಖಾಲಿ ಬಿಟ್ಟು ಅದರ ಮುಂದಿನದರಲ್ಲಿ ಕುಳಿತರು. ಅಡಿವೆಪ್ಪನವರು ಗಿಡಕ್ಕೆ ಜರಿಯ ಶಾಲು ಹೊದಿಸಿದರು. ಹಾರವನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಒಂದು ಟೊಂಗೆಗೆ ನೇತುಹಾಕಿದರು. ಆಮೇಲೆ ಭಾಷಣ ಮಾಡಿದರು. ತಾಡಪಾಲಿನ ಮೇಲೆ ಮಳೆ ಬಡಿಯುವ ಸದ್ದಿಗೆ ಅವರ ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು, ಆದ್ದರಿಂದ ಎಂದಿಗಿಂತ ಹೆಚ್ಚು ಚಪ್ಪಾಳೆ ಬಿತ್ತು. ಮಳೆ ತಾಡಪಾಲಿನಿಂದ ಜಾರಿ ಗಟಾರಕ್ಕೆ ಇಳಿದು, ಗಟಾರದಿಂದ ಕೆಳಗಿನ ಓಣಿಗೆ ಹರಿಯಿತು. ಅಲ್ಲಿಯ ಹೆಂಗಸರು ಯಾರನ್ನೂ ಕೇಳದೆ ಕುಂಡಗಳನ್ನು ಗಟಾರದ ದಂಡೆಗೆ ತಂದಿಟ್ಟರು. ಅಲ್ಲಿ ಸಾಲೂ ಇರಲಿಲ್ಲ, ಕೊನೆಯೂ ಇರಲಿಲ್ಲ. ನೀರು ಬಂದಲ್ಲಿ ಕುಂಡ. ಕಾಜದಿಂದ ಒಂದೇ ಎಳೆಯಾಗಿ ಇಳಿದ ಧಾರೆ ಕೊಡವನ್ನು ತುಂಬುತ್ತಲೇ ಇತ್ತು. ಗರಸಿನ ಗುಡ್ಡೆಯ ಮೇಲೆ ಸುಗಲಕ್ಕನ ಗಿಡ ಶಾಲು ಹೊದ್ದುಕೊಂಡು, ಬೇರಿಗೆ ಹನಿ ತಾಗಿಸಿಕೊಳ್ಳದೆ ನಿಂತಿತ್ತು. ಎಲ್ಲರೂ ಬೆಚ್ಚಗೆ ಊಟ ಮಾಡಿ, ಇಂಥ ಮಳೆ ಇತ್ತೀಚೆಗೆ ಬಿದ್ದೇ ಇಲ್ಲ ಎಂದು ಹೇಳಿ ಹೋದರು. ಪಾಲು ಮುಗಿಯುವವರೆಗೆ ಸುಗಲಕ್ಕ ತಾಡಪಾಲನ್ನು ಬಿಚ್ಚಲಿಲ್ಲ. ಯಾವಾಗ ದೊಡ್ಡವರು ಬಂದಾರೋ ಹೇಳಲಿಕ್ಕಾಗದು ಎಂದು ಕೇಳಿದವರಿಗೆಲ್ಲ ಹೇಳಿದಳು.

ಸನ್ಮಾನವಾದ ಗಿಡ ತಮ್ಮ ಮನೆಯಲ್ಲಿ ಇಲ್ಲವೆಂದರೆ ಯಾರಿಗೆ ತಡೆದೀತು? ಊರಿನವರೆಲ್ಲ ಕಡ್ಡಿ ಕೇಳಿದರು. ಸುಗಲಕ್ಕ ಕಡ್ಡಿಗಳನ್ನು ಮರಳಿನಲ್ಲಿ ಊರಿ, ಬೇರು ಬಂದಂತೆ ಒಂದೊಂದನ್ನೇ ಕೊಟ್ಟಳು. ಕೊಡುವಾಗ, “ಇದಕ್ಕ ಏನೂ ಮಾಡಬ್ಯಾಡ್ರಿ,” ಎಂದಳು. ಎಲ್ಲರೂ ಹೂಂ ಎಂದು ತಲೆಯಾಡಿಸಿ, ಮನೆಗೆ ಹೋಗಿ ಸಗಣಿ ಗೊಬ್ಬರ, ಶೇಂಗಾ ಹಿಂಡಿ, ಮೀನಿನ ಪುಡಿ ಹಾಕಿದರು. ತಮ್ಮ ತಮ್ಮ ಸರದಿಯ ಮಳೆಯಲ್ಲಿ ಅದನ್ನು ಧಾರೆಯ ಕೆಳಗೇ ಇಟ್ಟರು. ಗಿಡಗಳು ನಿನ್ನೆ ಹಸಿರಾಗಿದ್ದವು, ಇವತ್ತು ಇರಲಿಲ್ಲ. ಮಂಡಳಿ ಸಭೆ ಸೇರಿ, ಈ ಗಿಡಕ್ಕೆ ದೊಡ್ಡವರ ಮನೆಯ ಸಂಸ್ಕಾರ ಒಗ್ಗುವುದಿಲ್ಲವೆಂದು ಠರಾವು ಮಾಡಿತು. ಅಲ್ಲಿಗೆ ಎಲ್ಲರ ಆಸೆಯೂ ಮುಗಿಯಿತು, ಮಹಾನಂದಾಳದನ್ನು ಬಿಟ್ಟು. ಗಿಡದ ಮುಂದೆ ನಿಂತು ತೆಗೆಸಿಕೊಂಡ ಸನ್ಮಾನದ ಫೋಟೊ ಆಕೆಯ ಪಡಸಾಲೆಯ ಗೋಡೆಗೆ ಬಂದಿತ್ತು. ನೋಡಿದವರೆಲ್ಲ ಗಿಡ ಎಲ್ಲಿ ಎಂದು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಆಕೆ ಜಂಪರಿನ ಬಟ್ಟೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಹೊಸ್ತಿಲಲ್ಲಿ ಆಗಲೇ ಇಬ್ಬರು ಗಿರಾಕಿಗಳಿದ್ದರು. ಆಕೆ ಅವರ ಹಿಂದೆ ನಿಂತಳು. ತನ್ನ ಪಾಳಿ ಬಂದಾಗ ಬಟ್ಟೆಯ ಮಾತು ಎತ್ತಲೇ ಇಲ್ಲ.

“ಸುಗಲಾ, ಇನ್ನೊಂದ ಕಡ್ಡಿ ಕೊಡವಾ. ಈ ಸಲ ಖರೇ ಹೇಳು, ಏನ ಮಾಡಬೇಕು?”

“ಏನೂ ಮಾಡಬಾರದರಿ ಅಕ್ಕಾರ.”

“ನೀ ಗುಟ್ಟು ಮಾಡಾಕತ್ತಿ. ಏನೂ ಮಾಡಬಾರದು ಅಂದರ ಹೆಂಗ? ಮಂದಿ ನೋಡಿದರ ಏನಂದಾರು? ಸಾವಕಾರ್ರ ಮನ್ಯಾಗ ಒಂದ ಗಿಡಾ ನೋಡಿಕೊಳ್ಳಾಕ ಯಾರೂ ಇಲ್ಲ ಅನ್ನಾಂಗಿಲ್ಲ?”

“ಅನ್ನಲಿ ಬಿಡ್ರಿ.”

“ಅನ್ನಲಿ ಅಂತ, ಅನ್ನಲಿ,” ಎಂದು ಮಹಾನಂದಾ ಆ ಮಾತನ್ನು ಹೊಸ ರುಚಿಯ ತಿಂಡಿಯಂತೆ ಬಾಯಲ್ಲಿ ಆಡಿಸಿದಳು. ಅದು ಒಳಗಿಳಿಯಲಿಲ್ಲ. ಬಟ್ಟೆಯನ್ನು ಹೊಲಿಯಲು ಅಲ್ಲೇ ಬಿಟ್ಟು, ಕಡ್ಡಿ ತೆಗೆದುಕೊಂಡು ಹೋದಳು.

ಹದಿನೈದು ದಿನಗಳ ಮೇಲೆ ಬಾಳಪ್ಪನೆಂಬವನು ಪ್ರೆಸ್ಸಿನ ಕಟ್ಟೆಯ ಮೇಲೆ ಬೀಡಿ ಹಚ್ಚಿಕೊಂಡು ಕುಳಿತಿದ್ದ. ಸಾವಕಾರರ ಮನೆಯಲ್ಲಿ ಹೊಸ ಕೆಲಸ ಸಿಕ್ಕಿದೆ ಎಂದ. ಏನು ಕೆಲಸ ಎಂದು ಕೇಳಿದೆ.

“ಅದೇನೋ ಸೂಜಿಗಿಡ ಐತ್ರಿ. ಅದಕ್ಕ ಏನೂ ಮಾಡಬಾರದಂತ. ಬ್ಯಾರೇದವರೂ ಏನೂ ಮಾಡದಂಗ ನೋಡಿಕೊಳ್ಳಬೇಕಂತ. ಮುಂಜಾನಿಂದ ಸಂಜಿತನಕ ಅದರ ಮುಂದ ಕುಂತಿರ್ತೀನಿ. ಎರಡ ಹೊತ್ತ ಊಟಾ, ಪಗಾರಾ.”

“ಛಲೋ ಆತಲ್ಲ ಮತ್ತ.”

ಬಾಳಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಛಲೋ ಏನ್ರಿ. ಪುಗಸಟ್ಟೆ ಕೂಳು ತಿಂದರ ಮೈಗಿ ಹತ್ತೂದಿಲ್ಲ. ಅದಕ್ಕ ಅವರು ಊಟಾ ಮಾಡಿ ಅಡ್ಡಾದಾಗ ಯಾರಿಗೂ ಕಾಣದಂಗ ಒಂದ ತಂಬಿಗಿ ನೀರ ಹಾಕಿಬಿಡ್ತೀನಿ. ನೀವು ಯಾರ ಮುಂದೂ ಹೇಳಬ್ಯಾಡ್ರಿ.”

ನಾನು ಹೇಳಿದೆ. ಸುಗಲಕ್ಕ ಮಹಾನಂದಾಳ ಜಂಪರನ್ನೇ ಹೊಲಿಯುತ್ತಿದ್ದಳು; ಬಾಯಲ್ಲಿ ಗುಂಡುಸೂಜಿಗಳಿದ್ದುದರಿಂದ ನಗುವಂತಿರಲಿಲ್ಲ. ಒಂದೊಂದನ್ನೇ ತೆಗೆದು ಮಣಿಕಟ್ಟಿನ ಮೆತ್ತೆಗೆ ಚುಚ್ಚಿದಳು. ಎಲ್ಲ ಮುಗಿದ ಮೇಲೆ ಹೊಲಿಗೆ ಯಂತ್ರಕ್ಕೆ ಹಣೆ ಹಚ್ಚಿ ಭುಜ ಕುಲುಕುವಂತೆ ನಕ್ಕಳು. ಆಮೇಲೆ ಕತ್ತರಿ ತೆಗೆದುಕೊಂಡು ಅಂಗಳಕ್ಕಿಳಿದು, ಗಿಡದ ಒಂದು ಟೊಂಗೆಯನ್ನು ಆರಿಸಿ ಕತ್ತರಿಸಿ, ಬಿಸ್ಕಿಟ್ ಡಬ್ಬಿಯ ಮರಳಿನಲ್ಲಿ ಊರಿದಳು.

“ಇದ್ಯಾರಿಗಿ ಅಕ್ಕಾ?”

“ಇರಲಿ,” ಎಂದಳು ಸುಗಲಕ್ಕ, ಕೈಯ ಮರಳು ಕೊಡವಿಕೊಳ್ಳುತ್ತಾ. “ಬರ್ತಾಳ.”